ಹಳೆ ಗಾಡಿಯ ಪ್ಲಗ್, ಪಾಯಿಂಟ್, ವೈರ್: ಯಾವುದಕ್ಕೆ ಕಿಲೋಮೀಟರ್ ಲೆಕ್ಕ, ಯಾವುದಕ್ಕೆ ವರ್ಷದ ಲೆಕ್ಕ

ಹಳೆ ಗಾಡಿ ಇಟ್ಟುಕೊಂಡ ಯಾರನ್ನಾದರೂ ಇಂಜಿನ್ನಿನೊಳಗೆ ಕಿಡಿ ಹಾರಿಸುವ ಪ್ಲಗ್ ಯಾವಾಗ ಬದಲಿಸಿದ್ದೀರಿ ಅಂತ ಕೇಳಿ ನೋಡಿ. ಕಲಬುರಗಿಯಲ್ಲಿ ಬಹಳ ಸಲ ಬರುವ ಉತ್ತರ, "ಗಾಡಿ ಚಾಲೂ ಆಗ್ತದಲ್ರೀ, ಮತ್ಯಾಕ ಬದಲಿ ಮಾಡೋದು?" ಇನ್ನೊಂದು ಥರದವರೂ ಇದ್ದಾರೆ. ಅವರು ಪ್ರತಿ ಸರ್ವಿಸ್‌ಗೂ ಹೊಸ ಪ್ಲಗ್ ಹಾಕಿಸುತ್ತಾರೆ. ಆದರೆ ಆ ಪ್ಲಗ್‌ಗೆ ಕರೆಂಟ್ ತರುವ ವೈರು ಗಾಡಿ ಕೊಂಡಾಗಿನದ್ದೇ ಇರುತ್ತದೆ. ಇಬ್ಬರ ದುಡ್ಡೂ ಪೋಲಾಗುತ್ತಿದೆ, ದಾರಿ ಮಾತ್ರ ಬೇರೆ ಬೇರೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಕಿಡಿ ಹಚ್ಚುವ ಸಾಮಾನುಗಳಿಗೆಲ್ಲ ಒಂದೇ ಲೆಕ್ಕ ಹಾಕಬೇಡಿ. ಲೋಹದ್ದು ಓಡಿದಷ್ಟು ಸವೆಯುತ್ತದೆ, ಅದಕ್ಕೆ ಕಿಲೋಮೀಟರ್ ನೋಡಬೇಕು. ರಬ್ಬರು, ಪ್ಲಾಸ್ಟಿಕ್ಕಿನದು ಗಾಡಿ ನಿಂತಲ್ಲೇ ನಿಂತಿದ್ದರೂ ಹಾಳಾಗುತ್ತದೆ, ಅದಕ್ಕೆ ವರ್ಷ ನೋಡಬೇಕು. ಕಿಡಿಗೆ ಬೇಕಾದ ವೋಲ್ಟೇಜ್ ಏರಿಸುವ ಕಾಯಿಲ್, ಬೈಕಿನ ಎಲೆಕ್ಟ್ರಾನಿಕ್ ಕಿಡಿ ಪೆಟ್ಟಿಗೆಯಾದ ಸಿಡಿಐ ಥರದವಕ್ಕೆ ಈ ಎರಡೂ ಲೆಕ್ಕ ಇಲ್ಲ, ಪರೀಕ್ಷೆ ಮಾಡಿಯೇ ಬದಲಿಸಬೇಕು. ಇಷ್ಟನ್ನು ಹಿಡಿದುಕೊಂಡರೆ ಕೆಎ-32 ನಂಬರಿನ ಮಾರುತಿ 800 ಇರಲಿ, ಬೀದರಿನ ಕೆಎ-38 ಓಮ್ನಿ ಇರಲಿ, ಯಾದಗಿರಿಯ ಕೆಎ-33 ಸ್ಪ್ಲೆಂಡರ್ ಇರಲಿ, ಏನು ಯಾವಾಗ ಬದಲಿಸಬೇಕು ಅನ್ನುವುದು ನಿಮಗೇ ಗೊತ್ತಾಗುತ್ತದೆ.

ಇದೆಲ್ಲ ಪೆಟ್ರೋಲ್ ಮತ್ತು ಗ್ಯಾಸ್ ಗಾಡಿಗಳ ಮಾತು. ಡೀಸೆಲ್ ಜೀಪು, ಟ್ರ್ಯಾಕ್ಟರ್‌ಗಳಲ್ಲಿ ಕಿಡಿಯ ಕೆಲಸವೇ ಇಲ್ಲ. ಅಲ್ಲಿ ಗಾಳಿಯನ್ನು ಜೋರಾಗಿ ಒತ್ತಿ ಬಿಸಿ ಮಾಡುತ್ತಾರೆ, ಆ ಬಿಸಿಗೆ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಕೆಲವು ಡೀಸೆಲ್ ಗಾಡಿಗಳಲ್ಲಿರುವ ಹೀಟರ್ ಪ್ಲಗ್ ಬೇರೆಯೇ ವಸ್ತು.

ಕಿಡಿ ಬರುವುದು ಹೇಗೆ

ಬ್ಯಾಟರಿ ಕೊಡುವುದು 12 ವೋಲ್ಟ್. ಪ್ಲಗ್‌ನ ತುದಿಯಲ್ಲಿ ಕಿಡಿ ಹಾರಲು ಬೇಕಾಗುವುದು ಹತ್ತು, ಹದಿನೈದು, ಕೆಲವೊಮ್ಮೆ ಮೂವತ್ತು ಸಾವಿರ ವೋಲ್ಟ್. ಇದನ್ನು ಮಾಡಿಕೊಡುವುದು ಕಾಯಿಲ್. ಅದರೊಳಗೆ ಎರಡು ಸುತ್ತು ತಂತಿ ಇರುತ್ತವೆ. ಒಂದು ದಪ್ಪ ತಂತಿ, ಕೆಲವು ನೂರು ಸುತ್ತು. ಇನ್ನೊಂದು ಕೂದಲಿನಷ್ಟು ಸಣ್ಣ ತಂತಿ, ಸಾವಿರಾರು ಸುತ್ತು. ದಪ್ಪ ತಂತಿಯಲ್ಲಿ ಹರಿಯುತ್ತಿರುವ ಕರೆಂಟನ್ನು ಥಟ್ಟನೆ ಕಡಿದರೆ ಸುತ್ತಲಿನ ಅಯಸ್ಕಾಂತದ ಬಲ ಒಮ್ಮೆಲೇ ಕುಸಿಯುತ್ತದೆ, ಆಗ ಸಣ್ಣ ತಂತಿಯಲ್ಲಿ ಸಾವಿರಗಟ್ಟಲೆ ವೋಲ್ಟ್ ಏಳುತ್ತದೆ. ಹಳೆ ಗಾಡಿಯಲ್ಲಿ ಆ ಥಟ್ಟನೆ ಕಡಿಯುವ ಕೆಲಸ ಪಾಯಿಂಟ್‌ನದು, ಆಮೇಲಿನ ಕಾರುಗಳಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆಯದು, ಮಾಡ್ಯೂಲ್ ಅನ್ನುತ್ತಾರಲ್ಲ ಅದು. ಅಲ್ಲಿಂದ ಕರೆಂಟ್ ದಪ್ಪ ವೈರಿನಲ್ಲಿ ಡಿಸ್ಟ್ರಿಬ್ಯೂಟರ್‌ಗೆ ಹೋಗುತ್ತದೆ, ಮಿಸ್ತ್ರಿಗಳು ಡೆಲ್ಕೋ ಅನ್ನುತ್ತಾರಲ್ಲ ಅದು. ಅದರೊಳಗೆ ತಿರುಗುವ ರೋಟರ್ ಸರದಿ ಪ್ರಕಾರ ಒಂದೊಂದು ಪ್ಲಗ್‌ಗೆ ಹಂಚುತ್ತದೆ. ಬೈಕಿನಲ್ಲಿ ಸಿಲಿಂಡರ್ ಒಂದೇ, ಹಂಚುವ ಕೆಲಸ ಇಲ್ಲ. ಕಾಯಿಲ್‌ನಿಂದ ಒಂದೇ ವೈರು ನೇರವಾಗಿ ಪ್ಲಗ್‌ಗೆ ಬರುತ್ತದೆ.

ಈಗ ಮುಖ್ಯ ವಿಷಯ. ಕಾಯಿಲ್ ಪ್ರತಿ ಸಲವೂ ಮೂವತ್ತು ಸಾವಿರ ವೋಲ್ಟ್ ಹೊಡೆಯುವುದಿಲ್ಲ. ಕಿಡಿ ಹಾರಲು ಎಷ್ಟು ಬೇಕೋ ಅಷ್ಟರ ತನಕ ಮಾತ್ರ ವೋಲ್ಟೇಜ್ ಏರುತ್ತದೆ. ಪ್ಲಗ್ ಹೊಸದಿದ್ದು ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, ಸರಿಯಿದ್ದರೆ ಕಡಿಮೆಯಲ್ಲೇ ಹಾರಿಬಿಡುತ್ತದೆ. ಪ್ಲಗ್ ಸವೆದು ಗ್ಯಾಪ್ ಅಗಲವಾದರೆ ಅದೇ ಕಿಡಿಗೆ ಜಾಸ್ತಿ ವೋಲ್ಟ್ ಬೇಕು. ಆ ಒತ್ತಡವೆಲ್ಲ ವೈರು, ಡಿಸ್ಟ್ರಿಬ್ಯೂಟರಿನ ಮುಚ್ಚಳವಾದ ಕ್ಯಾಪ್, ರೋಟರ್, ಕಾಯಿಲ್‌ಗಳ ಮೇಲೆ ಬೀಳುತ್ತದೆ. ನಾರಾಯಣಪುರದ ಕಾಲುವೆ ನೀರು ಬರುವ ಹೊಲದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮುಂದೆ ತೂಬು ಕಟ್ಟಿಕೊಂಡರೆ ನೀರು ಸುಮ್ನೆ ನಿಲ್ಲುವುದಿಲ್ಲ, ಬದು ಎಲ್ಲಿ ಸಡಿಲ ಇದೆಯೋ ಅಲ್ಲಿ ಒಡೆದು ಹರಿಯುತ್ತದೆ. ಕರೆಂಟೂ ಹಾಗೆಯೇ. ಬಿರುಕು ಬಿಟ್ಟ ವೈರಿನಿಂದ ಇಂಜಿನ್ನಿನ ಲೋಹಕ್ಕೆ ಹಾರುತ್ತದೆ, ಕ್ಯಾಪ್‌ನೊಳಗೆ ಪಕ್ಕದ ಕಡ್ಡಿಗೆ ಹಾರುತ್ತದೆ, ಏನೂ ದಾರಿ ಸಿಗದಿದ್ದರೆ ಕಾಯಿಲ್‌ನೊಳಗಿನ ತಂತಿಯ ಹೊದಿಕೆಯನ್ನೇ ತೂತು ಮಾಡುತ್ತದೆ. ನೂರು, ನೂರೈವತ್ತು ರೂಪಾಯಿಯ ಪ್ಲಗ್ ಬದಲಿಸದೆ ಬಿಟ್ಟರೆ ಸಾವಿರಗಟ್ಟಲೆಯ ಕಾಯಿಲ್ ಹೋಗುವುದು ಹೀಗೆ. "ಚಾಲೂ ಆಗ್ತದಲ್ಲ" ಅನ್ನುವವರಿಗೆ ಇದೇ ಉತ್ತರ.

ಪ್ಲಗ್

ಸ್ವಲ್ಪ ಲೆಕ್ಕ ಮಾಡೋಣ. ನಾಲ್ಕು ಸ್ಟ್ರೋಕಿನ ಕಾರಿನಲ್ಲಿ ಒಂದು ಪ್ಲಗ್ ಎರಡು ಸುತ್ತಿಗೆ ಒಂದು ಸಲ ಕಿಡಿ ಹೊಡೆಯುತ್ತದೆ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ 1500 ಕಿಡಿ. ಆ ವೇಗದಲ್ಲಿ ಗಾಡಿ ಗಂಟೆಗೆ 60 ಕಿಲೋಮೀಟರ್ ಓಡುತ್ತಿದ್ದರೆ ಒಂದು ಕಿಲೋಮೀಟರಿಗೆ 1500 ಕಿಡಿ. 20,000 ಕಿಲೋಮೀಟರಿಗೆ ಮೂರು ಕೋಟಿ. ಪ್ರತಿ ಕಿಡಿಯೂ ಲೋಹದ ಕಣ್ಣಿಗೆ ಕಾಣದಷ್ಟು ಚೂರನ್ನು ಕಿತ್ತುಕೊಂಡು ಹೋಗುತ್ತದೆ. ಮೂರು ಕೋಟಿ ಸಲ ಕಿತ್ತ ಮೇಲೆ ಗ್ಯಾಪ್ ಮೊದಲಿನಂತೆ ಇರಲು ಸಾಧ್ಯವೇ ಇಲ್ಲ.

ಬೈಕಿನ ಲೆಕ್ಕ ಇನ್ನೂ ಬಿಗಿ. ಸ್ಪ್ಲೆಂಡರ್ ಥರದ ಸಣ್ಣ ಬೈಕಿನಲ್ಲಿ ಕಿಡಿಯ ಸಂಕೇತ ಕ್ರ್ಯಾಂಕ್‌ಗೆ ಕೂಡಿಕೊಂಡ ಮ್ಯಾಗ್ನೆಟ್‌ನಿಂದ ಬರುತ್ತದೆ, ಹೀಗಾಗಿ ಪ್ರತಿ ಸುತ್ತಿಗೂ ಒಂದು ಕಿಡಿ. ಅದರಲ್ಲಿ ಅರ್ಧ ಹೊಗೆ ಹೊರಗೆ ಹೋಗುವ ಹೊತ್ತಿನಲ್ಲಿ ಸುಮ್ನೆ ಹಾರುತ್ತವೆ. ಮೇಲಾಗಿ ಸಣ್ಣ ಇಂಜಿನ್ ಅದೇ ವೇಗಕ್ಕೆ ಜಾಸ್ತಿ ಸುತ್ತು ತಿರುಗುತ್ತದೆ. 60ರ ವೇಗದಲ್ಲಿ 5000 ಸುತ್ತು ಅಂದುಕೊಂಡರೂ ಹತ್ತು ಸಾವಿರ ಕಿಲೋಮೀಟರಿಗೆ ಐದು ಕೋಟಿ ಕಿಡಿ ಆಯ್ತು. ಕಾರಿನ ಪ್ಲಗ್ ಇಪ್ಪತ್ತು ಸಾವಿರ ಬಂದರೆ ಬೈಕಿನದು ಯಾಕೆ ಹತ್ತೇ ಸಾವಿರ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲಿದೆ.

ಹೀಗಾಗಿ ಸಾದಾ ಪ್ಲಗ್, ಅಂದರೆ ನಿಕ್ಕಲ್ ತುದಿಯದು, ಹಳೆ ಕಾರಿನಲ್ಲಿ 20,000 ಕಿಲೋಮೀಟರಿನ ಆಸುಪಾಸು ಬದಲಿಸಿ. ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದು ಇಂಜಿನ್ ಗಟ್ಟಿಯಾಗಿದ್ದರೆ ಮೂವತ್ತರ ತನಕ ಎಳೆಯಬಹುದು. ನಾಲ್ಕು ಸ್ಟ್ರೋಕ್ ಬೈಕಿಗೆ 8,000ದಿಂದ 12,000. ಹಳೆ ಚೇತಕ್ ಥರದ ಎರಡು ಸ್ಟ್ರೋಕಿನದಕ್ಕೆ ಇನ್ನೂ ಬೇಗ, ಯಾಕೆಂದರೆ ಅಲ್ಲಿ ಪೆಟ್ರೋಲ್ ಜೊತೆ ಆಯಿಲ್ಲೂ ಸುಡುತ್ತದೆ, ಅದರ ಕರಿ ಬಂದು ಗ್ಯಾಪ್‌ನಲ್ಲಿ ಕೂರುತ್ತದೆ. ಇವು ಅಂದಾಜಿನ ಸಂಖ್ಯೆ. ಗಾಡಿಯ ಪುಸ್ತಕ ಸಿಕ್ಕರೆ ಅದರಲ್ಲಿರುವುದೇ ಕೊನೆ ಮಾತು.

ಆದರೆ ಸಂಖ್ಯೆಗಿಂತ ನಿಜ ಹೇಳುವುದು ಬಿಚ್ಚಿದ ಪ್ಲಗ್. ಅದನ್ನು ಬಿಸಿಲಿಗೆ ಹಿಡಿದು ನೋಡಿ. ನಡುವಿನ ಕಡ್ಡಿಯ ತುದಿ ಹೊಸದರಲ್ಲಿ ಚಪ್ಪಟೆಯಾಗಿ, ಅಂಚು ಚೂಪಾಗಿ ಇರುತ್ತದೆ. ಹಳೆಯದರಲ್ಲಿ ಆ ಅಂಚು ಕರಗಿ ಗುಂಡಗಾಗಿರುತ್ತದೆ. ಕಿಡಿಗೆ ಚೂಪು ಅಂಚು ಇಷ್ಟ, ಗುಂಡಗಾದ ತುದಿಯಿಂದ ಹಾರಲು ಅದಕ್ಕೆ ಕಷ್ಟ. ಅದರ ಎದುರಿನ ಕೊಕ್ಕೆಯ ಒಳಮೈ ನೋಡಿದರೆ ಅಲ್ಲಿಯೂ ಒಂದು ಗುಳಿ ಬಿದ್ದಿರುತ್ತದೆ. ಆಮೇಲೆ ನಡುವಿನ ಪಿಂಗಾಣಿಯ ಬಣ್ಣ ನೋಡಿ. ತೆಳು ಕಂದು, ಬೂದು ಇದ್ದರೆ ಇಂಜಿನ್ ಚೆನ್ನಾಗಿ ಸುಡುತ್ತಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಒದ್ದೆ ಕಪ್ಪು, ಜಿಡ್ಡು ಇದ್ದರೆ ಇಂಜಿನ್ ಆಯಿಲ್ ಮೇಲೆ ಬರುತ್ತಿದೆ, ರಿಂಗೋ ವಾಲ್ವಿನ ಸೀಲೋ ಹೋಗಿದೆ. ಬೆಳ್ಳಗೆ ಸುಟ್ಟು, ಬೊಕ್ಕೆ ಎದ್ದಂತೆ ಇದ್ದರೆ ಇಂಜಿನ್ ವಿಪರೀತ ಕಾಯುತ್ತಿದೆ, ಅದನ್ನು ಬಿಟ್ಟು ಓಡಿಸಬೇಡಿ.

ನಮ್ಮ ಕಡೆ ಒಣ ಕಪ್ಪು ಬಹಳ ಕಾಣುತ್ತದೆ. ಕಾರಣ ಎರಡು. ಒಂದು ಧೂಳು. ಸೇಡಂ, ಚಿತ್ತಾಪುರ, ವಾಡಿ ಕಡೆ ಸಿಮೆಂಟು ಮತ್ತು ಕಲ್ಲಿನ ಧೂಳು, ಉಳಿದ ಕಡೆ ಬೇಸಿಗೆಯ ಎರೆಮಣ್ಣಿನ ಧೂಳು. ಏರ್ ಫಿಲ್ಟರ್ ಕಟ್ಟಿಕೊಂಡರೆ ಹಳೆ ಕಾರ್ಬ್ಯುರೇಟರ್ ಗಾಡಿಗೆ ಗಾಳಿ ಸಾಲುವುದಿಲ್ಲ, ಮಸಿ ಹಿಡಿಯುತ್ತದೆ. ಇಲ್ಲಿ ಪ್ಲಗ್ ಬದಲಿಸಿದರೆ ಹದಿನೈದು ದಿನ ಚೆನ್ನಾಗಿ ಓಡಿ ಮತ್ತೆ ಅದೇ ಕಥೆ. ಮೊದಲು ಫಿಲ್ಟರ್. ಎರಡನೆಯ ಕಾರಣ ಸಣ್ಣ ಓಡಾಟ. ಪ್ಲಗ್‌ನ ತುದಿ ಸುಮಾರು 450ರಿಂದ 500 ಡಿಗ್ರಿಗೆ ಕಾಯ್ದರೆ ಮೇಲೆ ಕೂತ ಮಸಿ ತಾನೇ ಸುಟ್ಟು ಹೋಗುತ್ತದೆ. ಮನೆಯಿಂದ ಸೂಪರ್ ಮಾರ್ಕೆಟ್‌ಗೆ, ಅಲ್ಲಿಂದ ಮನೆಗೆ ಅಂತ ಓಡುವ ಗಾಡಿಯ ಪ್ಲಗ್ ಅಷ್ಟು ಕಾಯುವ ಹೊತ್ತಿಗೆ ಮನೆ ಬಂದಿರುತ್ತದೆ. ಅಂಥ ಗಾಡಿಯನ್ನು ಆಗಾಗ ಹುಮನಾಬಾದ್ ರೋಡಿಗೋ ಜೇವರ್ಗಿ ರೋಡಿಗೋ ಹಾಕಿ ಒಂದು ತಾಸು ಒಂದೇ ಸಮನೆ ಓಡಿಸಿ. ಸಣ್ಣ ಪುಟ್ಟ ಮಸಿ ಅಷ್ಟಕ್ಕೇ ಹೋಗುತ್ತದೆ.

ಮಸಿ ಹಿಡಿದ ಪ್ಲಗ್ಗನ್ನು ತಂತಿ ಬ್ರಶ್ಶಿನಿಂದ ಗಸಗಸ ಉಜ್ಜುವ ಅಭ್ಯಾಸ ಇದೆಯಲ್ಲ, ಅದು ನನಗೆ ಸರಿ ಕಾಣುವುದಿಲ್ಲ. ಬ್ರಶ್ಶಿನ ಲೋಹ ಪಿಂಗಾಣಿಯ ಮೇಲೆ ಗೆರೆ ಗೆರೆಯಾಗಿ ಅಂಟುತ್ತದೆ, ಕರೆಂಟ್ ಆ ಗೆರೆ ಹಿಡಿದು ಕೆಳಗೆ ಇಳಿದುಬಿಡುತ್ತದೆ, ಕಿಡಿ ಹಾರುವುದೇ ಇಲ್ಲ. ಕೈಜಾರಿ ಕೆಳಗೆ ಬಿದ್ದ ಪ್ಲಗ್ಗನ್ನೂ ಹಾಕಬೇಡಿ. ಪಿಂಗಾಣಿಯೊಳಗಿನ ಸೀಳು ಕಣ್ಣಿಗೆ ಕಾಣದಿರಬಹುದು.

ಈಗ ಇರಿಡಿಯಂ ಲೋಹದ ತುದಿಯ ಪ್ಲಗ್. ಆ ಲೋಹ ಕರಗುವ ಬಿಸಿ 2,400 ಡಿಗ್ರಿಗೂ ಮೇಲೆ, ನಿಕ್ಕಲ್‌ನದು 1,455. ಹೀಗಾಗಿ ಅದರ ತುದಿಯನ್ನು ಸೂಜಿಯಷ್ಟು ಸಣ್ಣಗೆ ಮಾಡಿದರೂ ಬಾಳುತ್ತದೆ, ಕಾರಿನಲ್ಲಿ 60,000ದಿಂದ ಲಕ್ಷ ಕಿಲೋಮೀಟರ್ ಬರುತ್ತದೆ. ಒಳ್ಳೆಯ ವಸ್ತುವೇ. ಆದರೆ ಆಯಿಲ್ ತಿನ್ನುವ ಹಳೆ ಇಂಜಿನ್ನಿಗೆ ಹಾಕಿದರೆ ಅದೂ ಜಿಡ್ಡು ಹಿಡಿಯುತ್ತದೆ. ಜಿಡ್ಡಿಗೆ ಇರಿಡಿಯಂ ಗೊತ್ತಿಲ್ಲ, ನಿಕ್ಕಲ್ ಗೊತ್ತಿಲ್ಲ. ಅಂಥ ಗಾಡಿಗೆ ಸಾದಾ ಪ್ಲಗ್ ಹಾಕಿ ಬೇಗ ಬೇಗ ಬದಲಿಸುವುದೇ ಲಾಭ.

ನಂಬರಿನ ವಿಷಯದಲ್ಲಿ ಎಚ್ಚರ ಇರಲಿ. ಪ್ಲಗ್ ಬಿಸಿಯನ್ನು ಎಷ್ಟು ಬೇಗ ಹೊರಗೆ ಬಿಡುತ್ತದೆ ಅನ್ನುವುದಕ್ಕೆ ಒಂದು ಅಂಕಿ ಇರುತ್ತದೆ. ಎನ್‌ಜಿಕೆಯಲ್ಲಿ ಬಿಪಿ5ಇಎಸ್, ಬಿಪಿ6ಇಎಸ್ ಅಂತ ಬರುತ್ತವಲ್ಲ, ಅದರಲ್ಲಿನ 5, 6 ಇದೇ. ಅಲ್ಲಿ ಅಂಕಿ ದೊಡ್ಡದಾದಷ್ಟು ಪ್ಲಗ್ ತಣ್ಣಗೆ ಓಡುತ್ತದೆ. ಈಗಿನ ಬಾಷ್‌ನಲ್ಲಿ ಉಲ್ಟಾ, ಅಂಕಿ ದೊಡ್ಡದಾದಷ್ಟು ಬಿಸಿ. ನಾವು ಮೈಕೋ ಪ್ಲಗ್ ಅಂತ ಕರೆದು ಬಂದ ಕಂಪನಿಯೇ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿದ್ದು. ಒಂದು ಕಂಪನಿಯ ಅಂಕಿ ನೋಡಿ ಇನ್ನೊಂದರದ್ದು ಅದೇ ಅಂಕಿ ಕೊಡಿ ಅಂದರೆ ತಪ್ಪು ಪ್ಲಗ್ ಬರುತ್ತದೆ. ನಮ್ಮಲ್ಲಿ ಬಿಸಿಲು ಜಾಸ್ತಿ, ಅದಕ್ಕೆ ತಣ್ಣನೆ ಪ್ಲಗ್ ಹಾಕೋಣ ಅಂತ ಕೆಲವರು ಹೇಳುತ್ತಾರೆ. ಬೇಡ. ಹೊರಗೆ 43 ಡಿಗ್ರಿ ಇದ್ದರೂ ಸಿಲಿಂಡರಿನೊಳಗಿನ ಸಾವಿರಾರು ಡಿಗ್ರಿಯ ಮುಂದೆ ಅದು ಯಾವ ಲೆಕ್ಕಕ್ಕೂ ಇಲ್ಲ. ಊರೊಳಗಿನ ಓಡಾಟಕ್ಕೆ ತಣ್ಣನೆ ಪ್ಲಗ್ ಹಾಕಿದರೆ ಮಸಿ ಇನ್ನೂ ಬೇಗ ಹಿಡಿಯುತ್ತದೆ. ಕಂಪನಿ ಹೇಳಿದ ನಂಬರೇ ಹಾಕಿ. ಡೂಪ್ಲಿಕೇಟ್ ಬಹಳ ಇರುವುದರಿಂದ ಗೊತ್ತಿರುವ ಅಂಗಡಿಯಲ್ಲೇ ತಗೊಳ್ಳಿ, ಬಿಲ್ ಕೇಳಿ.

ಹಾಕುವಾಗ ಇಂಜಿನ್ ತಣ್ಣಗಿರಲಿ. ಬಿಚ್ಚುವ ಮೊದಲು ಪ್ಲಗ್ ಸುತ್ತಲಿನ ಧೂಳನ್ನು ಗಾಳಿ ಹೊಡೆದು ತೆಗೆಯಿರಿ, ಇಲ್ಲದಿದ್ದರೆ ಅದೆಲ್ಲ ಸಿಲಿಂಡರಿನೊಳಗೆ ಬೀಳುತ್ತದೆ. ಹೊಸ ಪ್ಲಗ್ ಆದರೂ ಸಂದು ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, ಹಾಕಿ ಗ್ಯಾಪ್ ನೋಡಿ. ಪಾಯಿಂಟ್ ಇರುವ ಹಳೆ ಕಾರುಗಳಿಗೆ ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್, ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಬಹಳಷ್ಟು ಕಾರುಗಳಿಗೆ 1.0ರ ಆಸುಪಾಸು. ಕೈಯಿಂದಲೇ ತಿರುಗಿಸಿ ಪೂರ್ತಿ ಕೂರಿಸಿ. ಆಮೇಲೆ ಪಾನಾ ಹಚ್ಚಿ, ವಾಷರ್ ಇರುವ ಹೊಸ ಪ್ಲಗ್ ಆದರೆ ಅರ್ಧ ಸುತ್ತಿಗಿಂತ ಸ್ವಲ್ಪ ಜಾಸ್ತಿ ಬಿಗಿ ಮಾಡಿದರೆ ಸಾಕು. ಹಳೆಯದನ್ನೇ ಮತ್ತೆ ಹಾಕುತ್ತಿದ್ದರೆ ಸ್ವಲ್ಪವೇ ಸ್ವಲ್ಪ. ಹೆಡ್ ಅಲ್ಯೂಮಿನಿಯಂ, ಜೋರು ಮಾಡಿದರೆ ಥ್ರೆಡ್ ಹೋಗುತ್ತದೆ, ಆ ಖರ್ಚು ಯಾರಿಗೂ ಬೇಡ.

ಪಾಯಿಂಟ್, ಕಂಡೆನ್ಸರ್

ಅಂಬಾಸಿಡರ್, ಪದ್ಮಿನಿ, ಮೊದಮೊದಲ ಮಾರುತಿ 800, ಹಳೆ ಕಾಸ್ಟ್ ಐರನ್ ಬುಲೆಟ್, ಹಳೆ ಚೇತಕ್ ಇಟ್ಟುಕೊಂಡವರು ಇದನ್ನು ಓದಿ, ಉಳಿದವರು ಮುಂದೆ ಹೋಗಬಹುದು.

ಪಾಯಿಂಟ್ ಎರಡು ಕಡೆಯಿಂದ ಸವೆಯುತ್ತದೆ. ಕೂಡುವ ಬಿಡುವ ಎರಡು ಬಿಲ್ಲೆಗಳು ಕಿಡಿಯಿಂದ ಸುಡುತ್ತವೆ. ಇನ್ನೊಂದು ಕಡೆ ತಿರುಗುತ್ತಾ ಪಾಯಿಂಟ್ ತೆರೆಯುವ ಕ್ಯಾಮ್‌ಗೆ ಉಜ್ಜುವ ಫೈಬರಿನ ಹಿಮ್ಮಡಿ ತೇಯುತ್ತದೆ. ಜನ ನೋಡುವುದು ಬಿಲ್ಲೆಯನ್ನು, ಆದರೆ ಗಾಡಿಯ ಸ್ವಭಾವ ಬದಲಿಸುವುದು ಹಿಮ್ಮಡಿ. ಅದು ತೇದಷ್ಟು ಗ್ಯಾಪ್ ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿ ತಡವಾಗಿ ಬರುತ್ತದೆ. ಪಿಕಪ್ ಹೋಯ್ತು, ಎವರೇಜ್ ಹೋಯ್ತು, ಇಂಜಿನ್ ಕಾಯುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಆಗುವುದರಿಂದ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ 5,000 ಕಿಲೋಮೀಟರಿಗೆ ಒಮ್ಮೆ ಗ್ಯಾಪ್ ಅಳೆಯಿರಿ, ಹತ್ತರಿಂದ ಹದಿನೈದು ಸಾವಿರಕ್ಕೆ ಪಾಯಿಂಟ್ ಬದಲಿಸಿ. ಬುಲೆಟ್‌ಗೆ 0.35ರಿಂದ 0.40 ಮಿಲಿಮೀಟರ್, ಕಾರುಗಳಿಗೆ ಸಾಮಾನ್ಯವಾಗಿ 0.4ರ ಹತ್ತಿರ. ಕ್ಯಾಮ್ ಮೇಲೆ ಅಕ್ಕಿಕಾಳಿನಷ್ಟು ಗ್ರೀಸ್ ಸವರಿ, ಹಿಮ್ಮಡಿ ಬಾಳುತ್ತದೆ. ಜಾಸ್ತಿ ಹಚ್ಚಿದರೆ ಅದು ಸಿಡಿದು ಬಿಲ್ಲೆಗೆ ಅಂಟುತ್ತದೆ, ಆಗ ಕರೆಂಟೇ ಇಲ್ಲ. ಪಾಯಿಂಟ್ ಮುಟ್ಟಿದ ಮೇಲೆ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಹಿಡಿಯಲೇಬೇಕು. ಇದನ್ನು ಬಿಟ್ಟು "ಪಾಯಿಂಟ್ ಹೊಸದು ಹಾಕೀನ್ರಿ" ಅನ್ನುವವರ ಮಾತು ಅರ್ಧ ಕೆಲಸದ ಮಾತು.

ಪಾಯಿಂಟ್ ಜೊತೆ ಕಂಡೆನ್ಸರ್ ಬದಲಿಸುವುದು ರೂಢಿ, ಒಳ್ಳೆಯ ರೂಢಿಯೇ. ಪಾಯಿಂಟ್ ತೆರೆದಾಗ ಅಲ್ಲೇ ಕಿಡಿ ಹಾರಿ ಬಿಲ್ಲೆ ಸುಡದಂತೆ ಅದು ತಡೆಯುತ್ತದೆ. ಹೊಸ ಪಾಯಿಂಟ್ ಒಂದೆರಡು ಸಾವಿರ ಕಿಲೋಮೀಟರಿಗೇ ಒಂದು ಬಿಲ್ಲೆಯಲ್ಲಿ ಗುಳಿ, ಇನ್ನೊಂದರಲ್ಲಿ ಉಬ್ಬು ಬಿಟ್ಟರೆ ಕಂಡೆನ್ಸರ್ ಮೇಲೆ ಅನುಮಾನ ಪಡಿ. ಆದರೆ ಹಳೆ ಕಂಡೆನ್ಸರ್ ಕೆಲಸ ಮಾಡುತ್ತಿದ್ದರೆ ಎಸೆಯಬೇಡಿ, ಎತ್ತಿಡಿ. ಈಗ ಸಿಗುವ ಹೊಸದರಲ್ಲಿ ಎಲ್ಲವೂ ಒಳ್ಳೆಯದಿರುವುದಿಲ್ಲ.

ವೈರು ಮತ್ತು ಕ್ಯಾಪ್: ನಮ್ಮ ಬಿಸಿಲಿನ ಊಟ

ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು ಇಲ್ಲಿದೆ. ಹಳೆ ಗಾಡಿಗಳು ಈಗ ಜಾಸ್ತಿ ಓಡುವುದಿಲ್ಲ. ಮನೆಗೆ ಹೊಸ ಕಾರು ಬಂದಿರುತ್ತದೆ, ಹಳೆ 800 ಮುಂದಿನ ಬೇವಿನ ಮರದ ಕೆಳಗೆ ನಿಂತಿರುತ್ತದೆ, ಮದುವೆ ಸೀಜನ್ನಿಗೋ ಶರಣಬಸವೇಶ್ವರ ಜಾತ್ರೆಗೋ ಹೊರಗೆ ಬರುತ್ತದೆ. ಮೀಟರ್ ನೋಡಿದರೆ ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಕೂಡ ಆಗಿರುವುದಿಲ್ಲ. "ಓಡೇ ಇಲ್ಲ, ಏನು ಬದಲಿಸೋದು" ಅನ್ನಿಸುತ್ತದೆ. ಆದರೆ ರಬ್ಬರು ಮೀಟರ್ ನೋಡುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯಲ್ಲಿ 42, 43 ಡಿಗ್ರಿ ಬಿಸಿಲು. ಓಡುವಾಗ ಬಾನೆಟ್ ಕೆಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಬೀದರ್ ಎತ್ತರದಲ್ಲಿರುವುದರಿಂದ ಸ್ವಲ್ಪ ಸುಖ, ಬಹಳ ಅಲ್ಲ. ಈ ಬಿಸಿಲಿಗೆ ಪ್ಲಗ್ ವೈರಿನ ರಬ್ಬರು ಗಟ್ಟಿಯಾಗಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಒಣಗಿದ್ದಾಗ ಇದು ತಿಳಿಯುವುದಿಲ್ಲ. ಜೂನ್‌ನಲ್ಲಿ ಮಳೆ ಬಿದ್ದು ಗಾಳಿಯಲ್ಲಿ ತೇವ ಬಂದ ದಿನ ಗಾಡಿ ಮಿಸ್ ಹೊಡೆಯಲು, ಅಂದರೆ ನಡುನಡುವೆ ಕಿಡಿ ತಪ್ಪಲು, ಶುರು ಮಾಡುತ್ತದೆ. ಆಗ ಎಲ್ಲರೂ ಪ್ಲಗ್ ಬದಲಿಸುತ್ತಾರೆ. ತಿಳಿದ ಮಿಸ್ತ್ರಿ ಮಾತ್ರ ವೈರನ್ನು ಬೆರಳಲ್ಲಿ ಬಗ್ಗಿಸಿ ನೋಡಿ, "ಪ್ಲಗ್ ಅಲ್ರೀ ಸಾಹೇಬ್ರ, ವೈರಿಗಿ ವಯಸ್ಸಾಗ್ಯಾದ್ರಿ" ಅನ್ನುತ್ತಾನೆ.

ಪ್ಲಗ್ ವೈರಿಗೆ ಐದು ವರ್ಷ ಅಥವಾ 50,000 ಕಿಲೋಮೀಟರ್, ಯಾವುದು ಮೊದಲೋ ಅದು. ನಮ್ಮ ಹಳೆ ಗಾಡಿಗಳಿಗೆ ಯಾವಾಗಲೂ ವರ್ಷವೇ ಮೊದಲು ಬರುತ್ತದೆ. ಪರೀಕ್ಷೆಯೂ ಸುಲಭ. ರಾತ್ರಿ ಲೈಟ್ ಆರಿಸಿ, ಬಾನೆಟ್ ತೆಗೆದು ಇಂಜಿನ್ ಚಾಲೂ ಮಾಡಿ. ದೂರದಿಂದ ವೈರಿನ ಮೇಲೆ ಸ್ವಲ್ಪ ನೀರು ಸಿಂಪಡಿಸಿ ನೋಡಿ. ಕರೆಂಟ್ ಸೋರುವ ಕಡೆ ನೀಲಿ ಕಿಡಿ ಹಾರುವುದು ಕಣ್ಣಿಗೇ ಕಾಣುತ್ತದೆ, ಟಿಕ್ ಟಿಕ್ ಸದ್ದೂ ಕೇಳುತ್ತದೆ. ಮುಟ್ಟಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಹತ್ತಿರವೂ ಹೋಗಬೇಡಿ. ಮಲ್ಟಿಮೀಟರ್ ಇದ್ದರೆ ವೈರು ಬಿಚ್ಚಿ ಅಳೆಯಬಹುದು, ಕಾರ್ಬನ್ ಎಳೆಯ ವೈರು ಆದರೆ ಒಂದು ಮೀಟರ್ ಉದ್ದಕ್ಕೆ ಸುಮಾರು 10ರಿಂದ 20 ಕಿಲೋ ಓಮ್ ತೋರಿಸಬೇಕು. ಒಂದು ವೈರು ಮಾತ್ರ ಬೇರೆಯವಕ್ಕಿಂತ ಬಹಳ ಜಾಸ್ತಿ ತೋರಿಸಿದರೆ ಒಳಗಿನ ಎಳೆ ಮುರಿದಿದೆ. ಬಿಚ್ಚುವಾಗ ತುದಿಯ ರಬ್ಬರ್ ಟೊಪ್ಪಿ ಹಿಡಿದು ಎಳೆಯಿರಿ, ವೈರು ಹಿಡಿದು ಎಳೆದರೆ ಆ ಎಳೆ ಮುರಿಯುವುದೇ ಆಗ. ಒಂದೊಂದಾಗಿ ಬದಲಿಸಿ. ಮಾರುತಿ 800ರಲ್ಲಿ ಕಿಡಿಯ ಸರದಿ 1-3-2, ಅಂಬಾಸಿಡರ್‌ನಲ್ಲಿ 1-3-4-2. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಸರದಿ ತಪ್ಪಿ ಗಾಡಿ ಚಾಲೂ ಆಗುವುದಿಲ್ಲ.

ನಿಂತ ಗಾಡಿಗೆ ಇಲಿಯ ಕಾಟ ಬೇರೆ. ತಿಂಗಳಿಗೊಮ್ಮೆಯಾದರೂ ಬಾನೆಟ್ ತೆಗೆದು ನೋಡಿ.

ಡಿಸ್ಟ್ರಿಬ್ಯೂಟರ್ ಕ್ಯಾಪ್ ಮತ್ತು ರೋಟರ್ ಜೋಡಿ. ಮೂರರಿಂದ ಐದು ವರ್ಷ, ಇಲ್ಲವೇ 40,000ದಿಂದ 50,000 ಕಿಲೋಮೀಟರ್. ಎರಡನ್ನೂ ಒಟ್ಟಿಗೇ ಬದಲಿಸಿ. ಕ್ಯಾಪ್ ತೆಗೆದು ಒಳಗೆ ಟಾರ್ಚ್ ಹಿಡಿದು ನೋಡಿದರೆ ಸುತ್ತಲೂ ಲೋಹದ ಕಡ್ಡಿಗಳು, ನಡುವೆ ಒಂದು ಕಪ್ಪು ಕಾರ್ಬನ್ ಗುಂಡಿ ಕಾಣುತ್ತದೆ. ಆ ಗುಂಡಿ ಸ್ಪ್ರಿಂಗ್ ಮೇಲೆ ಆಡುತ್ತಿರಬೇಕು, ಮುರಿದಿರಬಾರದು. ಕಡ್ಡಿಗಳ ಮೇಲೆ ಬಿಳಿ, ಹಸಿರು ಪುಡಿ ಸ್ವಲ್ಪ ಇದ್ದರೆ ಕೆರೆದು ತೆಗೆಯಬಹುದು, ಆಳವಾಗಿ ಸುಟ್ಟು ತಿಂದಿದ್ದರೆ ಆಯುಸ್ಸು ಮುಗಿದಿದೆ. ಮುಖ್ಯವಾಗಿ ಹುಡುಕಬೇಕಾದದ್ದು ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಪೆನ್ಸಿಲ್‌ನಲ್ಲಿ ಎಳೆದಂಥ ಕಪ್ಪು ಗೆರೆ. ಅದು ಕರೆಂಟ್ ಮಾಡಿಕೊಂಡ ಕಳ್ಳದಾರಿ. ಒರೆಸಿದರೂ ಹೋಗುವುದಿಲ್ಲ, ಒಮ್ಮೆ ದಾರಿ ಬಿದ್ದ ಮೇಲೆ ಕ್ಯಾಪ್ ಬದಲಿಸುವುದೇ. ಮಳೆಗಾಲದಲ್ಲಿ ಗಾಡಿ ಬೆಳಿಗ್ಗೆ ಚಾಲೂ ಆಗದಿದ್ದರೆ ಕ್ಯಾಪ್ ಬಿಚ್ಚಿ ಒಣಬಟ್ಟೆಯಿಂದ ಒಳಗೆ ಹೊರಗೆ ಒರೆಸಿ ಹಾಕಿ ನೋಡಿ. ಬಹಳ ಸಲ ಅಷ್ಟಕ್ಕೇ ಎದ್ದು ನಿಲ್ಲುತ್ತದೆ.

ಬೈಕಿನವರಿಗೆ ಇದರ ಬದಲು ಪ್ಲಗ್ ಕ್ಯಾಪ್ ಒಂದೇ. ಅಗ್ಗದ ವಸ್ತು, ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸಿಬಿಡಿ. ಮಳೆಯಲ್ಲಿ ಬೈಕ್ ನಿಂತರೆ ಮೊದಲು ನೋಡಬೇಕಾದದ್ದೂ ಅದನ್ನೇ.

ಕಾಯಿಲ್, ಸಿಡಿಐ

ಇವನ್ನು ಇಷ್ಟು ವರ್ಷಕ್ಕೆ ಬದಲಿಸಬೇಕು ಅಂತ ಇಲ್ಲ. ಚೆನ್ನಾಗಿದ್ದರೆ ಗಾಡಿ ಇರುವ ತನಕ ಇರುತ್ತವೆ. ಹೋಗುವ ಕಾಯಿಲ್‌ನ ಗುಣ ಒಂದು ಇದೆ. ತಣ್ಣಗಿದ್ದಾಗ ಸರಿ, ಅರ್ಧ ತಾಸು ಓಡಿ ಕಾಯ್ದ ಮೇಲೆ ಗಾಡಿ ನಿಲ್ಲುತ್ತದೆ, ನೆರಳಿಗೆ ನಿಲ್ಲಿಸಿ ಚಹಾ ಕುಡಿದು ಬಂದರೆ ಮತ್ತೆ ಚಾಲೂ. ಮೇ ತಿಂಗಳಲ್ಲಿ ಅಫಜಲಪುರ ರೋಡಿನಲ್ಲಿ ಹೀಗಾದರೆ ಕಾಯಿಲ್ ಮೇಲೆ ಅನುಮಾನ ಪಡಬಹುದು. ಆದರೆ ಬೇಸಿಗೆಯಲ್ಲಿ ಕಾರ್ಬ್ಯುರೇಟರ್ ಗಾಡಿಗಳ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿಯೂ ಹೀಗೇ ನಿಲ್ಲುತ್ತದೆ. ವ್ಯತ್ಯಾಸ ತಿಳಿಯಲು ಗಾಡಿ ನಿಂತ ರೀತಿ ನೆನಪಿಸಿಕೊಳ್ಳಿ. ಕೀ ತಿರುಗಿಸಿ ಆಫ್ ಮಾಡಿದಂತೆ ಥಟ್ಟನೆ ನಿಂತರೆ ಸಾಮಾನ್ಯವಾಗಿ ಕರೆಂಟಿನ ಸಮಸ್ಯೆ. ಜರ್ಕ್ ಹೊಡೆದು, ಏದುಸಿರು ಬಿಟ್ಟು ನಿಂತರೆ ಪೆಟ್ರೋಲಿನದು. ನಿಂತ ಜಾಗದಲ್ಲೇ, ತಣ್ಣಗಾಗುವ ಮೊದಲೇ ಕಿಡಿ ಇದೆಯೋ ಇಲ್ಲವೋ ನೋಡಿದರೆ ಉತ್ತರ ಸಿಗುತ್ತದೆ. ಗ್ಯಾರೇಜಿಗೆ ತಂದು ತಣ್ಣಗಾದ ಮೇಲೆ ನೋಡಿದರೆ ಎಲ್ಲವೂ ಸರಿಯೇ ಕಾಣುತ್ತದೆ.

ಪಾಯಿಂಟ್ ಗಾಡಿಯಲ್ಲಿ ಇಂಜಿನ್ ನಿಲ್ಲಿಸಿ ಕೀ ಆನ್ ಇಟ್ಟು ಹಾಡು ಕೇಳುತ್ತಾ ಕೂರಬೇಡಿ. ಪಾಯಿಂಟ್ ಮುಚ್ಚಿದ ಜಾಗದಲ್ಲಿ ನಿಂತಿದ್ದರೆ ಕಾಯಿಲ್‌ನಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ, ಕಾಯ್ದು ಸುಡುತ್ತದೆ. ಇನ್ನು ಎಲೆಕ್ಟ್ರಾನಿಕ್ ಗಾಡಿಯಲ್ಲಿ ಯಾವ ಸಿಲಿಂಡರ್ ಮಿಸ್ ಅಂತ ಹುಡುಕಲು ಇಂಜಿನ್ ಓಡುತ್ತಿರುವಾಗಲೇ ಒಂದೊಂದು ವೈರು ಕೀಳುವುದನ್ನು ನೋಡುತ್ತೇವೆ. ಹಳೆ ಕಾಲದ ಪದ್ಧತಿ, ಆದರೆ ಇಲ್ಲಿ ಬೇಡ. ಹೋಗಲು ದಾರಿ ಇಲ್ಲದ ಕರೆಂಟ್ ಕಾಯಿಲ್ಲೋ ಮಾಡ್ಯೂಲೋ ತಿಂದು ಹಾಕುತ್ತದೆ.

ಬೈಕಿನಲ್ಲಿ ಕಿಡಿ ಬರದಿದ್ದರೆ "ಸಿಡಿಐ ಹೋಗ್ಯಾದ" ಅನ್ನುವುದು ಬಹಳ ಬೇಗ ಬರುವ ತೀರ್ಪು. ಒಪ್ಪುವ ಮೊದಲು ಪ್ಲಗ್, ಪ್ಲಗ್ ಕ್ಯಾಪ್, ಕೀ ಸ್ವಿಚ್ಚಿನ ವೈರು, ಅರ್ಥ್ ವೈರು ನೋಡಿಸಿ. ಒಂದು ಚಾಲೂ ಬೈಕಿನ ಸಿಡಿಐ ತಂದು ಐದು ನಿಮಿಷ ಹಾಕಿ ನೋಡಿದರೆ ಸತ್ಯ ಹೊರಗೆ ಬರುತ್ತದೆ. ಹಾಗೆ ನೋಡದೆ ಹೊಸದು ಕೊಳ್ಳಬೇಡಿ.

ಗ್ಯಾಸ್ ಹಾಕಿಸಿದ ಗಾಡಿ, ಈಗಷ್ಟೇ ಕೊಂಡ ಗಾಡಿ

ಎಲ್‌ಪಿಜಿ ಹಾಕಿಸಿದ ಓಮ್ನಿ, 800, ಆಟೋಗಳು ನಮ್ಮಲ್ಲಿ ಬಹಳ. ಗ್ಯಾಸ್‌ನಲ್ಲಿ ಕಿಡಿ ಹಾರಲು ಪೆಟ್ರೋಲಿಗಿಂತ ಜಾಸ್ತಿ ವೋಲ್ಟೇಜ್ ಬೇಕು. ಪೆಟ್ರೋಲಿನಲ್ಲಿ ಸುಮ್ನೆ ಓಡುತ್ತಿದ್ದ ಸವೆದ ಪ್ಲಗ್, ಹಳೆ ವೈರು ಗ್ಯಾಸ್‌ಗೆ ತಿರುಗಿಸಿದ ಕೂಡಲೇ ಬಣ್ಣ ಬಿಡುತ್ತವೆ. ಗ್ಯಾಸ್ ಕಿಟ್ ಕೆಟ್ಟಿದೆ ಅಂತ ಅಲೆಯುವ ಮೊದಲು ಇದನ್ನು ನೋಡಿ. ಇಂಥ ಗಾಡಿಗೆ ಗ್ಯಾಪ್ ಒಂಚೂರು ಕಿರಿದಿರಲಿ, ಪ್ಲಗ್ ಬದಲಿಸುವ ಅಂತರ ಪೆಟ್ರೋಲಿನ ಅರ್ಧಕ್ಕೆ ಇಳಿಸಿ.

ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ ಹಿಂದಿನವರು ಏನು ಯಾವಾಗ ಬದಲಿಸಿದರು ಅಂತ ಕೇಳುತ್ತಾ ಕೂರಬೇಡಿ. ಪ್ಲಗ್, ವೈರು, ಕ್ಯಾಪ್, ರೋಟರ್, ಪಾಯಿಂಟ್ ಇದ್ದರೆ ಪಾಯಿಂಟ್ ಮತ್ತು ಕಂಡೆನ್ಸರ್ ಒಂದೇ ಸಲ ಹೊಸದು ಹಾಕಿಸಿ, ಮೀಟರ್ ಎಷ್ಟಿತ್ತು, ಯಾವ ತಿಂಗಳು ಅಂತ ಒಂದು ಟೇಪಿನ ಮೇಲೆ ಬರೆದು ಬಾನೆಟ್ ಒಳಗೆ ಅಂಟಿಸಿ. ಅಲ್ಲಿಂದ ನಿಮ್ಮ ಲೆಕ್ಕ ಶುರು. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ ರಿನ್ಯೂ ಮಾಡಿಸಬೇಕಿದ್ದರೆ ಎಮಿಷನ್ ಪರೀಕ್ಷೆಗೆ ಮೊದಲೇ ಈ ಕೆಲಸ ಮುಗಿಸಿ. ಮಿಸ್ ಹೊಡೆಯುವ ಗಾಡಿಯಲ್ಲಿ ಸುಡದ ಪೆಟ್ರೋಲ್ ಹಾಗೇ ಹೊಗೆಯಲ್ಲಿ ಬರುತ್ತದೆ, ಹೈಡ್ರೋಕಾರ್ಬನ್ ಸಂಖ್ಯೆ ಏರುತ್ತದೆ. ಸೈಲೆನ್ಸರ್‌ನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಅದೇ ಪೆಟ್ರೋಲ್ ಅಲ್ಲಿ ಉರಿದು ಅದನ್ನೂ ಹಾಳು ಮಾಡುತ್ತದೆ.

ತೆಗೆದ ಹಳೆ ಸಾಮಾನಿನಲ್ಲಿ ಚೆನ್ನಾಗಿರುವ ಒಂದೆರಡು ಪ್ಲಗ್, ರೋಟರ್, ಪಾಯಿಂಟ್ ಸೆಟ್, ಎಲ್ಲಕ್ಕಿಂತ ಉದ್ದದ ಒಂದು ವೈರು, ಪ್ಲಗ್ ಪಾನಾ ಜೊತೆ ಚೀಲದಲ್ಲಿ ಸುತ್ತಿ ಡಿಕ್ಕಿಯಲ್ಲಿಡಿ. ಚಿಂಚೋಳಿ ಕಾಡಿನ ದಾರಿಯಲ್ಲೋ ಸುರಪುರದ ಆಚೆಯೋ ರಾತ್ರಿ ಗಾಡಿ ನಿಂತರೆ ಮೂವತ್ತು ವರ್ಷದ ಹಳೆ ಕಾರಿನ ರೋಟರ್ ಮಾರುವ ಅಂಗಡಿ ಸಿಗುವುದಿಲ್ಲ, ಡಿಕ್ಕಿಯಲ್ಲಿದ್ದರೆ ಹತ್ತು ನಿಮಿಷದ ಕೆಲಸ.